ಸ್ಲೈಡಿನಲ್ಲಿ ಒತ್ತಕ್ಷರಕ್ಕೂ ಜಾಗ ಬಿಡಿ

ಮೇಲಿನ ಸಾಲಿನಲ್ಲಿ ‘ರಾಷ್ಟ್ರ’, ಅದರ ನೇರ ಕೆಳಗೆ ‘ಶಿಲ್ಪಿ’. ಷಕಾರದ ಅಡಿಯಲ್ಲಿ ಟ ಒತ್ತು, ಅದರ ಜೊತೆಗೊಂದು ರ ಒತ್ತು. ಎರಡೂ ಇಳಿದು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. ಲ್ಯಾಪ್‌ಟಾಪಿನಲ್ಲಿ ಅಷ್ಟಾಗಿ ಕಣ್ಣಿಗೆ ಬೀಳದ ಈ ತಿಕ್ಕಾಟ, ಪ್ರೊಜೆಕ್ಟರ್ ಪರದೆಯನ್ನು ಕೊನೆಯ ಬೆಂಚಿನಿಂದ ನೋಡುವವರಿಗೆ ಸಾಲುಗಳೇ ಕಲಸಿಹೋದಂತೆ ಕಾಣುತ್ತದೆ. ಆಗ ಹೆಚ್ಚಿನವರು ಫಾಂಟ್ ಬದಲಿಸಲು ಹೊರಡುತ್ತಾರೆ. ಅದಕ್ಕೂ ಮೊದಲು ನೋಡಬೇಕಾದ್ದು ಲೈನ್ ಸ್ಪೇಸಿಂಗ್, ಅಂದರೆ ಸಾಲುಗಳ ನಡುವಿನ ಅಂತರ.

ಪವರ್‌ಪಾಯಿಂಟ್ 2013ರ ಜೊತೆ ಬಂದ ಆಫೀಸ್ ಥೀಮಿನಲ್ಲಿ ಈ ಅಂತರ 0.9 ಇರುತ್ತದೆ, ಅಂದರೆ ಫಾಂಟಿನ ಸಹಜ ಸಾಲಿನ ಎತ್ತರದ ಶೇ 90. ಮೆನುವಿನ ಪಟ್ಟಿ ಶುರುವಾಗುವುದೇ 1.0ರಿಂದ, ಹಾಗಾಗಿ ಅದು ಒಂದಕ್ಕಿಂತ ಕಡಿಮೆ ಇದೆಯೆಂಬ ಅನುಮಾನವೂ ಬರುವುದಿಲ್ಲ. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಸಾಲಿನಿಂದ ಕೆಳಗೆ ಬಾಲ ಇಳಿಯುವುದು ಸಾಮಾನ್ಯವಾಗಿ ಐದಕ್ಕೆ ಮಾತ್ರ, ಅವರಿಗೆ 0.9 ಸಾಕು. ನಮಗೆ ಒತ್ತು, ವಟ್ರಸುಳಿ, ಒತ್ತಿನಡಿಗೆ ಮತ್ತೊಂದು ಒತ್ತು.

ಒಂದೇ ಬಾಕ್ಸ್ ಸರಿಪಡಿಸಬೇಕಿದ್ದರೆ ಪಠ್ಯದ ಒಳಗೆ ಕ್ಲಿಕ್ ಮಾಡಬೇಡಿ, ಬಾಕ್ಸಿನ ಅಂಚಿನ ಗೆರೆಯ ಮೇಲೆ ಮಾಡಿ. ಒಳಗೆ ಕರ್ಸರ್ ಇಟ್ಟರೆ ಆ ಒಂದು ಪ್ಯಾರಾ ಮಾತ್ರ ಬದಲಾಗುತ್ತದೆ. ನಂತರ ಹೋಮ್ ಟ್ಯಾಬಿನ ಪ್ಯಾರಾಗ್ರಾಫ್ ಗುಂಪಿನಲ್ಲಿ, ಗೆರೆಗಳ ಪಕ್ಕ ಮೇಲೆ-ಕೆಳಗೆ ಬಾಣವಿರುವ ಗುಂಡಿ ಒತ್ತಿ, ಪಟ್ಟಿಯ ಕೊನೆಯಲ್ಲಿರುವ ‘ಲೈನ್ ಸ್ಪೇಸಿಂಗ್ ಆಪ್ಷನ್ಸ್’ ತೆರೆಯಿರಿ. ‘ಲೈನ್ ಸ್ಪೇಸಿಂಗ್’ನಲ್ಲಿ ‘ಮಲ್ಟಿಪಲ್’ ಆರಿಸಿ, ಪಕ್ಕದ ‘ಆ್ಯಟ್’ ಖಾನೆಯಲ್ಲಿ 1.1 ಬರೆಯಿರಿ. ತುಂಗಾ, ನಿರ್ಮಲಾ ಯುಐ, ನೋಟೊ ಸಾನ್ಸ್ ಕನ್ನಡ ಈ ಫಾಂಟುಗಳಲ್ಲಿ ಒಂದೊಂದಕ್ಕೂ ತನ್ನದೇ ಸಾಲಿನ ಎತ್ತರವಿದೆ, 1.1 ಎಂಬ ಅದೇ ಅಂಕಿ ಒಂದರಲ್ಲಿ ಹದವಾಗಿ, ಮತ್ತೊಂದರಲ್ಲಿ ಸಡಿಲವಾಗಿ ಕಂಡೀತು. ಪರೀಕ್ಷೆಗೆ ಮೇಲೆ ‘ಸ್ವಾತಂತ್ರ್ಯ ರಾಷ್ಟ್ರ ವೈಶಿಷ್ಟ್ಯ’, ಕೆಳಗೆ ‘ಕೀರ್ತಿ ಶಿಲ್ಪಿ ನೀತಿ’ ಎಂದು ಟೈಪ್ ಮಾಡಿ ನೋಡಿ. ಈ ಎರಡು ಸಾಲು ತಾಗದಿದ್ದರೆ ಉಳಿದವು ತಾಗುವುದು ಅಪರೂಪ. 1.2 ದಾಟಿದ ಮೇಲೆ ಮಾತ್ರ ಯೋಚಿಸಿ: ಒಂದೇ ವಾಕ್ಯದ ಎರಡು ಸಾಲುಗಳು ಎರಡು ಬೇರೆ ಅಂಶಗಳಂತೆ ಕಾಣತೊಡಗುತ್ತವೆ.

ಪಟ್ಟಿಯಲ್ಲಿರುವ ‘ಎಕ್ಸಾಕ್ಟ್ಲಿ’ ಬೇರೆಯದೇ ಲೆಕ್ಕ. ಅದು ಅಂತರವನ್ನು ಪಾಯಿಂಟಿನಲ್ಲಿ ಕಟ್ಟಿಹಾಕುತ್ತದೆ (72 ಪಾಯಿಂಟ್ ಅಂದರೆ ಒಂದು ಇಂಚು). ಕನ್ನಡ ಸಾಲುಗಳ ನಡುವೆ ಬರೀ ಇಂಗ್ಲಿಷಿನ ವೆಬ್ ವಿಳಾಸದ ಸಾಲೊಂದು ಬಂದರೆ, ಎರಡು ಫಾಂಟುಗಳ ಎತ್ತರ ಬೇರೆಯಾದ್ದರಿಂದ ಅಂತರ ಏರುಪೇರಾಗುತ್ತದೆ. ಅದನ್ನು ಸಮ ಮಾಡಲು ಇದು ಒಳ್ಳೆಯದು. ಅಕ್ಷರದ ಗಾತ್ರವನ್ನು 1.4ರಿಂದ ಗುಣಿಸಿ: 28 ಪಾಯಿಂಟ್ ಅಕ್ಷರಕ್ಕೆ 39.2, ಅಂದರೆ 40 ಇಟ್ಟುಕೊಳ್ಳಿ. ಆದರೆ ಮುಂದೆ ಅಕ್ಷರವನ್ನು 40ಕ್ಕೆ ಹಿಗ್ಗಿಸಿದರೂ ಸಾಲಿನ ಅಂತರ 40ರಲ್ಲೇ ನಿಂತಿರುತ್ತದೆ, ಸಾಲುಗಳು ಒಂದರ ಮೇಲೊಂದು ಹತ್ತುತ್ತವೆ. ಗಾತ್ರ ಅಂತಿಮವಾದ ಮೇಲೆಯೇ ಇದನ್ನು ಬಳಸಿ.

ಮೂವತ್ತು ಸ್ಲೈಡಿದ್ದರೆ ಒಂದೊಂದಾಗಿ ಮಾಡುವುದು ವ್ಯರ್ಥ ದುಡಿಮೆ. ‘ವ್ಯೂ’ ಟ್ಯಾಬಿನಿಂದ ಎಲ್ಲ ಸ್ಲೈಡುಗಳ ಮೂಲ ಮಾದರಿಯಾದ ‘ಸ್ಲೈಡ್ ಮಾಸ್ಟರ್’ಗೆ ಹೋಗಿ, ಎಡಪಟ್ಟಿಯ ತುತ್ತತುದಿಯ ದೊಡ್ಡ ಚಿತ್ರ ಆರಿಸಿ, ಪಠ್ಯದ ಬಾಕ್ಸಿನ ಅಂಚು ಹಿಡಿದು 1.1 ಕೊಡಿ. ಅಲ್ಲಿ ‘ಬಿಫೋರ್’ ಖಾನೆ (ಪ್ಯಾರಾದ ಮೇಲೆ ಬಿಡುವ ಜಾಗ) ಖಾಲಿ ಕಂಡರೆ ಗಾಬರಿ ಬೇಡ. ಮೊದಲ ಹಂತಕ್ಕೆ 10 ಪಾಯಿಂಟ್, ಉಳಿದವಕ್ಕೆ 5 ಎಂದು ಬೇರೆಬೇರೆ ಇರುವುದರಿಂದ ಹಾಗೆ, ಮುಟ್ಟದೆ ಬಿಡಿ. ತಲೆಬರಹದ ಬಾಕ್ಸಿಗೂ ಪ್ರತ್ಯೇಕವಾಗಿ ಮಾಡಬೇಕು. ಎರಡು ಸಾಲಿನ ತಲೆಬರಹದಲ್ಲಿ ಅಕ್ಷರ 44 ಪಾಯಿಂಟ್ ಇರುತ್ತದಾದ್ದರಿಂದ ತಾಗಾಟ ಅಲ್ಲೇ ಹೆಚ್ಚು ಎದ್ದು ಕಾಣುವುದು. ‘ಇನ್ಸರ್ಟ್’ನಿಂದ ನೀವೇ ಹಾಕಿದ ಟೆಕ್ಸ್ಟ್ ಬಾಕ್ಸುಗಳು ಈ ಬದಲಾವಣೆಗೆ ಸಿಗುವುದಿಲ್ಲ. ಮೊದಲೇ ಕೈಯಾಡಿಸಿದ ಸ್ಲೈಡುಗಳೂ ಅಷ್ಟೇ. ಅವಕ್ಕೆ ಹೋಮ್ ಟ್ಯಾಬಿನ ‘ರೀಸೆಟ್’ ಇದೆ, ಆದರೆ ಅದು ನೀವು ಸರಿಸಿದ ಬಾಕ್ಸುಗಳನ್ನೂ ಮೂಲ ಜಾಗಕ್ಕೆ ಎಳೆದೊಯ್ಯುತ್ತದೆ.

ಇಷ್ಟಾದರೂ ಒಂದು ಸ್ಲೈಡ್ ಮಾತ್ರ ಒತ್ತೊತ್ತಾಗಿ ಕಂಡರೆ ಅದು ಆಟೊಫಿಟ್ ಕೆಲಸ. ಪಠ್ಯ ಬಾಕ್ಸ್ ಮೀರಿದಾಗ ಅದು ಅಕ್ಷರವನ್ನು ಕಿರಿದು ಮಾಡುವುದಲ್ಲದೆ ಸಾಲಿನ ಅಂತರವನ್ನೂ ಸದ್ದಿಲ್ಲದೆ ಕತ್ತರಿಸುತ್ತದೆ, ಶೇ 20ರವರೆಗೂ. ಖಾನೆಯಲ್ಲಿ 1.1 ಅಂತಲೇ ಇರುತ್ತದೆ, ಪರದೆಯಲ್ಲಿ ಮಾತ್ರ 0.9. ಬಾಕ್ಸಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಫಾರ್ಮ್ಯಾಟ್ ಶೇಪ್’, ‘ಟೆಕ್ಸ್ಟ್ ಆಪ್ಷನ್ಸ್’, ‘ಟೆಕ್ಸ್ಟ್ ಬಾಕ್ಸ್’ಗೆ ಹೋಗಿ ‘ಡು ನಾಟ್ ಆಟೊಫಿಟ್’ ಆರಿಸಿ. ಈಗ ಪಠ್ಯ ಬಾಕ್ಸಿನಿಂದ ಹೊರಗೆ ಸುರಿಯುತ್ತದೆ. ಮಾತು ಎಷ್ಟು ಹೆಚ್ಚಾಗಿತ್ತೆಂದು ಆಗಲೇ ಗೊತ್ತಾಗುವುದು. 16:9 ಸ್ಲೈಡಿನ ಪಠ್ಯದ ಬಾಕ್ಸ್ ಸುಮಾರು 342 ಪಾಯಿಂಟ್ ಎತ್ತರ. ಸಾಲಿಗೆ 40ರಂತೆ ಏಳು ಸಾಲಿಗೆ 280, ಪ್ಯಾರಾಗಳ ನಡುವಿನ ತೆರವಿಗೆ ಇನ್ನೊಂದು 40. ಎಂಟನೆಯ ಸಾಲು ಬಂತೆಂದರೆ ಹೊಸ ಸ್ಲೈಡ್ ಹಾಕಿ.

ಪ್ಯಾರಾಗಳ ನಡುವೆ ಜಾಗ ಬೇಕೆಂದು ಖಾಲಿ ಎಂಟರ್ ಒತ್ತುವ ಚಾಳಿ ಬಿಡಬೇಕು. ಒಂದು ಖಾಲಿ ಸಾಲು ಪೂರ್ತಿ 40 ಪಾಯಿಂಟ್ ನುಂಗುತ್ತದೆ. ‘ಬಿಫೋರ್’ನಲ್ಲಿ 10 ಅಥವಾ 12 ಕೊಟ್ಟರೆ ಕೆಲಸ ಮುಗಿಯಿತು. ಅದೇ ಪ್ಯಾರಾದೊಳಗೆ ಸಾಲು ಮುರಿಯಬೇಕಿದ್ದರೆ ಶಿಫ್ಟ್ ಹಿಡಿದು ಎಂಟರ್ ಒತ್ತಿ: ಹೊಸ ಬುಲೆಟ್ ಬರುವುದಿಲ್ಲ, ಪ್ಯಾರಾದ ತೆರವೂ ಸೇರುವುದಿಲ್ಲ.

ಗೂಗಲ್ ಸ್ಲೈಡ್ಸ್‌ನಲ್ಲಿ ‘ಫಾರ್ಮ್ಯಾಟ್’ ಮೆನುವಿನ ‘ಲೈನ್ ಅಂಡ್ ಪ್ಯಾರಾಗ್ರಾಫ್ ಸ್ಪೇಸಿಂಗ್’ನಲ್ಲಿ 1.15 ಸಿದ್ಧವಾಗಿಯೇ ಇದೆ, ಕನ್ನಡಕ್ಕೆ ಸಾಮಾನ್ಯವಾಗಿ ಅದೇ ಸಾಕು. ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ ಪ್ಯಾರಾಗ್ರಾಫ್ ಕಿಟಕಿ ತೆರೆದು ‘ಪ್ರೊಪೋರ್ಷನಲ್’ ಆರಿಸಿ ಶೇ 110 ಕೊಡಿ.

ಇನ್ನು ಸಭಾಂಗಣದ ಕಂಪ್ಯೂಟರ್. ನಿಮ್ಮ ಫಾಂಟ್ ಅಲ್ಲಿ ಇಲ್ಲದಿದ್ದರೆ ಬೇರೊಂದು ಬಂದು ಕೂರುತ್ತದೆ, ಅದರ ಎತ್ತರ ಬೇರೆಯಾದ್ದರಿಂದ ಹೊಂದಿಸಿದ ಸಾಲುಗಳೆಲ್ಲ ಕದಲುತ್ತವೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಾದರೆ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ತೊಡಿಸಿದಂಥವು) ಕನ್ನಡವೇ ಮಾಯವಾಗಿ ಇಂಗ್ಲಿಷ್ ಅಕ್ಷರಗಳ ಚಿಂದಿ ಉಳಿಯುತ್ತದೆ. ವಿಂಡೋಸ್‌ನ ಪವರ್‌ಪಾಯಿಂಟಿನಲ್ಲಿ ‘ಫೈಲ್’, ‘ಆಪ್ಷನ್ಸ್’, ‘ಸೇವ್’ ಒಳಗೆ ಹೋಗಿ ‘ಎಂಬೆಡ್ ಫಾಂಟ್ಸ್ ಇನ್ ದ ಫೈಲ್’ಗೆ ಗುರುತು ಹಾಕಿ ಉಳಿಸಿ, ಜೊತೆಗೊಂದು ಪಿಡಿಎಫ್ ಪ್ರತಿಯನ್ನೂ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ.