ಒಬ್ರಾ ಡಿನ್ ಹಡಗಿನ 60 ಮಂದಿ: ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಯಾಗಿಟ್ಟ ಬಗೆ

ಲ್ಯೂಕಾಸ್ ಪೋಪ್ ರೂಪಿಸಿದ, 2018ರಲ್ಲಿ ಬಿಡುಗಡೆಯಾದ ‘ರಿಟರ್ನ್ ಆಫ್ ದಿ ಒಬ್ರಾ ಡಿನ್’ ಎಂಬ ವಿಡಿಯೋ ಗೇಮನ್ನು ನಾನು ಚಿತ್ರದುರ್ಗದ ನಮ್ಮ ಮನೆಯಲ್ಲಿ ಅಕ್ಕನ ಮಗನನ್ನು ಜೊತೆಗೆ ಕೂರಿಸಿಕೊಂಡು ಆಡಿ ಮುಗಿಸಿದೆ. 1802ರಲ್ಲಿ ಲಂಡನ್ನಿನಿಂದ ಹೊರಟು ಕಾಣೆಯಾದ ಸರಕಿನ ಹಡಗೊಂದು 1807ರಲ್ಲಿ ಫಾಲ್ಮತ್ ಬಂದರಿಗೆ ತಾನಾಗಿ ತೇಲಿ ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ವಿಮಾ ಪರಿಶೀಲಕರಾಗಿ ಅದನ್ನು ಹತ್ತುವ ನಾವು, ಅದರಲ್ಲಿದ್ದ 60 ಮಂದಿಯಲ್ಲಿ ಯಾರು ಯಾರೆಂಬುದನ್ನೂ, ಅವರಿಗೆ ಏನಾಯಿತೆಂಬುದನ್ನೂ, ಕೊಲೆಯಾಗಿದ್ದರೆ ಕೊಂದವರು ಯಾರೆಂಬುದನ್ನೂ ದಾಖಲಿಸಬೇಕು. ಶವದ ಬಳಿ, ಆಟದಲ್ಲಿ ನಮಗೆ ಸಿಗುವ ಮಾಯಾ ಗಡಿಯಾರವನ್ನು ತೆರೆದರೆ ಸಾವಿಗೆ ಮುನ್ನಿನ ಮಾತುಗಳು ಕೇಳಿಸಿ, ಆ ಕ್ಷಣವು ಅಲುಗಾಡದ ದೃಶ್ಯವಾಗಿ ಎದುರು ನಿಲ್ಲುತ್ತದೆ. ಇದಲ್ಲದೆ ಹೆಸರು, ಹುದ್ದೆ, ದೇಶಗಳ ಒಂದು ಪಟ್ಟಿಯೂ ಹಡಗಿನ ಚಿತ್ರಗಾರ ಬರೆದ ಗುಂಪುಚಿತ್ರಗಳೂ ನಮ್ಮ ಕೈಯಲ್ಲಿರುತ್ತವೆ.

ನಾನು ಮೊದಲು ಮಾಡಿದ ಕೆಲಸವೆಂದರೆ ನೋಟ್‌ಬುಕ್ಕಿನ ಪುಟವನ್ನು ಮೂರು ಭಾಗ ಮಾಡಿ, ಕಣ್ಣಿಗೆ ಕಂಡದ್ದನ್ನು ಒಂದರಲ್ಲಿ, ಅದರಿಂದ ನಾನು ಊಹಿಸಿದ್ದನ್ನು ಇನ್ನೊಂದರಲ್ಲಿ, ಆ ಊಹೆ ಸುಳ್ಳಾಗಬೇಕಾದರೆ ಏನು ಕಾಣಬೇಕೆಂಬುದನ್ನು ಮೂರನೆಯದರಲ್ಲಿ ಬರೆದದ್ದು. ಒಂದು ದೃಶ್ಯದಲ್ಲಿ ಅಧಿಕಾರಿಯ ಪಕ್ಕ ನಿಂತವನು ಅವನ ಪರಿಚಾರಕನಿರಬಹುದು. ಆದರೆ ಗಲಾಟೆಯ ಹೊತ್ತಿನಲ್ಲಿ ಯಾರ ಪಕ್ಕದಲ್ಲಿ ಯಾರು ಬೇಕಾದರೂ ನಿಂತಾರು. ಆದ್ದರಿಂದ ಒಂದಕ್ಕೊಂದು ಸಂಬಂಧವಿಲ್ಲದ ಎರಡು ದೃಶ್ಯಗಳು ಒಂದೇ ಮಾತನ್ನು ಹೇಳುವ ತನಕ ನಾನು ಹೆಸರನ್ನು ತುಂಬುತ್ತಿರಲಿಲ್ಲ. ನಮ್ಮೂರಿನ ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಅಲ್ಲಿ ರೋಮನ್ ನಾಣ್ಯಗಳೂ ಸಿಕ್ಕಿವೆ. ಮಣ್ಣಿನ ಪದರದಲ್ಲಿ ಸಿಕ್ಕ ನಾಣ್ಯವು, ಆ ಪದರ ಕದಡದೆ ಉಳಿದಿದ್ದರೆ, ಪದರವು ನಾಣ್ಯಕ್ಕಿಂತ ಹಳೆಯದಲ್ಲ ಎಂದಷ್ಟೇ ಹೇಳುತ್ತದೆ; ಎಷ್ಟು ಹೊಸದು ಎನ್ನುವುದಕ್ಕೆ ಬೇರೆ ಸಾಕ್ಷ್ಯ ಬೇಕು. ಹಡಗಿನ ಪ್ರತಿ ಸುಳಿವನ್ನೂ ನಾನು ಹೀಗೆಯೇ, ಅದು ಹೇಳುವುದೆಷ್ಟು, ಹೇಳದೆ ಬಿಡುವುದೆಷ್ಟು ಎಂದು ಅಳೆದು ನೋಡಿದೆ.

ಈ ಅಳತೆ ನಿಜವಾಗಿ ಫಲ ಕೊಟ್ಟದ್ದು ಚೀನಾದ ನಾಲ್ವರು ಟಾಪ್‌ಮನ್‌ಗಳ, ಎಂದರೆ ಹಡಗಿನ ಕಂಬ ಹತ್ತಿ ಹಾಯಿ ನೋಡಿಕೊಳ್ಳುವ ನಾವಿಕರ, ವಿಷಯದಲ್ಲಿ. (ಸ್ವತಃ ಆಡಬೇಕೆಂದಿರುವವರು ಈ ಭಾಗವನ್ನು ಬಿಟ್ಟು ಓದುವುದು ಒಳ್ಳೆಯದು.) ನಾಲ್ಕು ಮುಖಗಳಿಗೆ ನಾಲ್ಕು ಹೆಸರುಗಳನ್ನು 24 ಬಗೆಯಲ್ಲಿ ಜೋಡಿಸಬಹುದು, ಹುದ್ದೆಯೂ ದೇಶವೂ ಒಂದೇ ಆದ್ದರಿಂದ ಪಟ್ಟಿಯೊಂದೇ ಇದನ್ನು ಬಿಡಿಸಲಾರದು. ನಾವಿಕರು ಹ್ಯಾಮಕ್‌ಗಳಲ್ಲಿ (ತೂಗುಹಾಸಿಗೆಗಳಲ್ಲಿ) ಮಲಗಿರುವ ಒಂದು ದೃಶ್ಯದಲ್ಲಿ, ಸಾಯುತ್ತಿರುವವನನ್ನು ಬಿಟ್ಟು ಸುತ್ತಲಿನದನ್ನು ನಿಧಾನವಾಗಿ ನೋಡುತ್ತಾ ಹೋದಾಗ, ಹ್ಯಾಮಕ್‌ಗಳಿಗೆ ಕಟ್ಟಿದ ಸಂಖ್ಯೆಗಳು ಕಂಡವು. ಅವು ಪಟ್ಟಿಯಲ್ಲಿ ಹೆಸರುಗಳ ಮುಂದಿರುವ ಸಂಖ್ಯೆಗಳೇ ಇರಬಹುದೆಂಬುದು ಊಹೆ. ಆಗಲೇ ಗುರುತು ಖಚಿತವಾಗಿದ್ದವರ ಸಂಖ್ಯೆಗಳೊಂದಿಗೆ ಅದನ್ನು ಪರೀಕ್ಷಿಸಿ, ಎಲ್ಲಿಯೂ ತಪ್ಪದಿದ್ದ ಮೇಲೆ ಮುಂದುವರಿದೆ. ಮಲಗಿದವರ ಮುಖ ಕಾಣುವುದಿಲ್ಲ, ಕಾಲು ಮಾತ್ರ ಹೊರಗಿರುತ್ತದೆ. ಆ ಕಾಲಿನ ಪಾದರಕ್ಷೆಯನ್ನು ನೆನಪಿಟ್ಟುಕೊಂಡು, ಮುಖ ಕಾಣುವ ಬೇರೆ ದೃಶ್ಯಗಳಲ್ಲಿ ಅದನ್ನೇ ಹುಡುಕಬೇಕು. ಇಷ್ಟು ನ್ಯಾಯವಾಗಿ ಸುಳಿವನ್ನು ಕಣ್ಣೆದುರೇ ಇಟ್ಟಿರುವ ಇನ್ನೊಂದು ಆಟವನ್ನು ನಾನು ಕಂಡಿಲ್ಲ.

ಮೂವರ ವಿವರ ಪೂರ್ತಿ ಸರಿಯಾದಾಗಲೇ ಆಟ ಅದನ್ನು ದೃಢಪಡಿಸುತ್ತದೆ. ಬಾಯಿಗೆ ಬಂದ ಹೆಸರು ಹಾಕುವುದನ್ನು ತಡೆಯಲು ಇದು ಒಳ್ಳೆಯ ಏರ್ಪಾಡು, ಆದರೂ ಒಂದು ಸಂದು ಉಳಿದಿದೆ. “ಮಾಮ, ಇಬ್ಬರದು ಗ್ಯಾರಂಟಿ ಇದೆಯಲ್ಲ, ಮೂರನೆಯವನಿಗೆ ಒಂದೊಂದೇ ಹೆಸರು ಹಾಕಿ ನೋಡೋಣ” ಎಂದು ಹುಡುಗ ಕೇಳಿದ. ಹಾಗೆ ಸಿಕ್ಕ ಉತ್ತರ ಸರಿಯಿದ್ದರೂ ಅದಕ್ಕೆ ಕಾರಣ ನಮ್ಮ ಬಳಿ ಇರುವುದಿಲ್ಲ, ಆ ಕಾರಣವೇ ಮುಂದಿನವನನ್ನು ಗುರುತಿಸಲು ಬೇಕಾಗುತ್ತದೆ ಎಂದು ಹೇಳಿದೆ. ಅವನು ಒಪ್ಪಿದ.

ಕೊನೆಯ ಕೆಲವರನ್ನು ‘ಉಳಿದವನು ಇವನೇ’ ಎಂಬ ತರ್ಕದಿಂದ ಗುರುತಿಸಿದೆವು. ಪಟ್ಟಿ ಪೂರ್ಣವಾಗಿದ್ದು, ಉಳಿದೆಲ್ಲ ಹೆಸರುಗಳೂ ದೃಢಪಟ್ಟಿದ್ದರೆ ಮಾತ್ರ ಈ ತರ್ಕ ನಿಲ್ಲುತ್ತದೆ. ನಡುವೆ ಒಂದು ಊಹೆ ನುಸುಳಿದ್ದರೂ ಕುಸಿಯುತ್ತದೆ. ಅದಕ್ಕಾಗಿ ದೃಢಪಟ್ಟ ಹೆಸರುಗಳನ್ನು ಶಾಯಿಯಲ್ಲಿಯೂ ಮಿಕ್ಕವನ್ನು ಪೆನ್ಸಿಲಿನಲ್ಲಿಯೂ ಬರೆದು, ಶಾಯಿಯ ಹೆಸರುಗಳನ್ನು ಮಾತ್ರ ಲೆಕ್ಕದಿಂದ ಕಳೆಯುತ್ತಾ ಹೋದೆವು.