ಶಾಂತವೇರಿ ಗೋಪಾಲಗೌಡರ ಶಾಸಕ ಜೀವನ: ನಾನು ಬರೆದ ಬಗೆ

ಊರಿನ ಸ್ಮರಣ ಸಂಚಿಕೆಗೆ ಸಮಾಜವಾದಿ ನಾಯಕ, ಶಾಸಕ ಶಾಂತವೇರಿ ಗೋಪಾಲಗೌಡರ ಬಗ್ಗೆ ಬರೆದುಕೊಡಿ ಅಂತ ಕೇಳಿದಾಗ ಕತೆಗಳಿಗೆ ಬರವೇನೂ ಇರಲಿಲ್ಲ. ತೀರ್ಥಹಳ್ಳಿ ಕಡೆ ಹಳಬರ ಮನೆ ಜಗುಲಿಯಲ್ಲಿ ಕೂತರೆ ಗೌಡರ ಮಾತು ಬಂದೇ ಬರುತ್ತದೆ. ಸದನದಲ್ಲಿ ಗುಡುಗಿದ್ದು, ಜೇಬಲ್ಲಿ ಕಾಸಿಲ್ಲದೆ ಓಡಾಡಿದ್ದು, ಹೀಗೆ. ಪ್ರೀತಿಯಿಂದ ಹೇಳುವ ಕತೆಗಳು. ಆದರೆ ಅವರು ಸದನದಲ್ಲಿ ಏನು ಕೇಳಿದರು, ಯಾರ ಪರವಾಗಿ ಕೇಳಿದರು ಅನ್ನುವುದು ಅದರಲ್ಲಿ ಸಿಗುವುದು ಕಡಿಮೆ. ಶಾಸಕರ ಬಗ್ಗೆ ಬರೆಯುವಾಗ ಅದೇ ಮುಖ್ಯ ಅಲ್ವಾ? ಹಾಗಾಗಿ ಮೊದಲು ಚುನಾವಣೆಯ ಲೆಕ್ಕ, ಆಮೇಲೆ ಸದನದ ನಡವಳಿ (ಅಲ್ಲಿನ ಮಾತುಕತೆಯ ಅಚ್ಚಾದ ದಾಖಲೆ), ಕೊನೆಗೆ ಜನರ ನೆನಪು ಅಂತ ದಾರಿ ಮಾಡಿಕೊಂಡೆ.

ಚುನಾವಣಾ ಆಯೋಗದ ಹಳೆಯ ವರದಿಗಳು ಈಗ ಮನೆಯಲ್ಲೇ ಕೂತು ನೋಡಲು ಸಿಗುತ್ತವೆ. 1952ರಲ್ಲಿ ಸಾಗರ-ಹೊಸನಗರದಿಂದ ಗೆಲುವು. 1957ರಲ್ಲಿ ಸೋಲು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆಲುವು. ಹುಟ್ಟಿದ್ದು 1923ರ ಮಾರ್ಚ್‌ನಲ್ಲಿ, ಅಂದರೆ ಮೊದಲ ಸಲ ಶಾಸಕರಾದಾಗ ವಯಸ್ಸು 29. ಆಗ ಮೈಸೂರು ವಿಧಾನಸಭೆಯಲ್ಲಿ ಇದ್ದದ್ದು 99 ಸ್ಥಾನ, ಅದರಲ್ಲಿ 74 ಕಾಂಗ್ರೆಸ್ಸಿನದು. ಸಮಾಜವಾದಿಗಳು ಬೆರಳೆಣಿಕೆಯಷ್ಟು. ಈ ಲೆಕ್ಕ ಪಕ್ಕದಲ್ಲಿ ಇಟ್ಟುಕೊಂಡರೆ ಆ ಗುಡುಗಿನ ಬೆಲೆ ಗೊತ್ತಾಗುತ್ತದೆ.

ಹಳೆಯ ಪಟ್ಟಿ ನೋಡುವವರಿಗೆ ಎರಡು ಮಾತು. ಕ್ಷೇತ್ರಗಳ ಗಡಿ ಬದಲಾಗುತ್ತಾ ಬಂದಿದೆ. ರಾಜ್ಯಗಳ ಪುನರ್ವಿಂಗಡಣೆ ಆದ ಮೇಲೆ 1957ರಲ್ಲಿ ಸ್ಥಾನಗಳೇ 208 ಆದವು. ಸಮಾಜವಾದಿ ಪಕ್ಷವೂ ಒಡೆಯಿತು, ಕೂಡಿತು, ಹೆಸರು ಬದಲಿಸಿತು. 1964ರ ನಂತರ ಅದು ಸಂಯುಕ್ತ ಸೋಷಲಿಸ್ಟ್ ಪಕ್ಷ. ಸುಮ್ನೆ 'ಸಮಾಜವಾದಿ' ಅಂತ ಬರೆದು ಮುಂದೆ ಹೋಗಬೇಡಿ. ಆಯಾ ವರ್ಷದ ಹೆಸರು ಹಾಕಿ.

ಜಾಸ್ತಿ ಸಮಯ ಹಿಡಿದದ್ದು ನಡವಳಿ ಓದಲು. ದಪ್ಪ ಸಂಪುಟಗಳು, ಸಣ್ಣ ಅಕ್ಷರ. ಒಬ್ಬರು ಕನ್ನಡದಲ್ಲಿ ಮಾತಾಡಿದ್ದರೆ ಇನ್ನೊಬ್ಬರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿರುತ್ತಾರೆ, ಎರಡೂ ಹಾಗೇ ಅಚ್ಚಾಗಿರುತ್ತವೆ. ನಾನು ದೊಡ್ಡ ಭಾಷಣ ಹುಡುಕಲಿಲ್ಲ. ಪ್ರಶ್ನೋತ್ತರ ಮೊದಲು ಓದಿದೆ. ಮಂತ್ರಿಗಳ ಉತ್ತರ ಬಂದ ಮೇಲೆ ಕೇಳುವ ಉಪಪ್ರಶ್ನೆ ಇದೆಯಲ್ಲ, ಶಾಸಕರ ತಯಾರಿ ಕಾಣುವುದೇ ಅಲ್ಲಿ. ಭಾಷಣ ಬೇರೆಯವರೂ ಬರೆದುಕೊಡಬಹುದು. ಉಪಪ್ರಶ್ನೆ ನಿಂತಲ್ಲೇ ಹುಟ್ಟಬೇಕು, ಅದಕ್ಕೆ ಊರಿನ ಕಷ್ಟ ಗೊತ್ತಿರಬೇಕು.

ಇನ್ನೊಂದು ವಿಷಯ. ಗೌಡರು ಮೊದಲ ಅವಧಿಯ ಬಹುಪಾಲು ಮಾತಾಡಿದ್ದು ವಿಧಾನಸೌಧದಲ್ಲಲ್ಲ. ಆ ಕಟ್ಟಡ ಮುಗಿದದ್ದೇ 1956ರಲ್ಲಿ. ಅಲ್ಲಿಯವರೆಗೆ ಶಾಸನಸಭೆ ಸೇರುತ್ತಿದ್ದದ್ದು ಎದುರಿನ ಅಠಾರಾ ಕಚೇರಿಯಲ್ಲಿ, ಈಗಿನ ಹೈಕೋರ್ಟ್ ಕಟ್ಟಡದಲ್ಲಿ. ಆ ಕಾಲದ ಮಾತುಗಳಿಗೆ ಸಂಚಿಕೆಯವರು ವಿಧಾನಸೌಧದ ಮೆಟ್ಟಿಲ ಚಿತ್ರ ಹಾಕಲು ಹೊರಟಿದ್ದರು. ಬೇಡ ಅಂದೆ.

ಗೇಣಿಯ (ಉಳುವವರು ಜಮೀನಿನ ಒಡೆಯರಿಗೆ ಅಳೆದು ಕೊಡಬೇಕಿದ್ದ ಪಾಲು) ಬಗ್ಗೆ ಬಂದ ಚರ್ಚೆಗಳನ್ನು ಓದುವಾಗ ನನಗೆ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಆಗ ಸಾಗರದ ಕಡೆ ಹೋದೆ. ಹಳೆಯ ಗೇಣಿದಾರರ ಮನೆಯೊಂದರಲ್ಲಿ ಅಜ್ಜ ಅಟ್ಟದಿಂದ ಭತ್ತ ಅಳೆಯುವ ಕೊಳಗ ಇಳಿಸಿ ತೋರಿಸಿದರು. ಮರದ್ದು, ಬಾಯಿಗೆ ಕಬ್ಬಿಣದ ಪಟ್ಟಿ, ಒಳಗೆಲ್ಲ ಕೈಯಾಡಿ ಆಡಿ ನುಣುಪಾಗಿದೆ. "ನಮ್ಮನೆ ಕೊಳಗ ಇದು ಮಾರಾಯ್ರೆ. ಒಡೇರ ಮನೆದು ಬೇರೆ, ಅದು ದೊಡ್ಡದು. ಗೇಣಿ ಅಳೆಯೋದು ಅದ್ರಲ್ಲೇ" ಅಂದರು. ಅಳತೆ ದೊಡ್ಡದಾದಷ್ಟೂ ಗೇಣಿದಾರನ ಕಣಜಕ್ಕೆ ಉಳಿಯುವ ಭತ್ತ ಕಡಿಮೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ರೈತರು ಎದ್ದು ನಿಂತದ್ದು ಇದರ ವಿರುದ್ಧವೇ. ಎಚ್. ಗಣಪತಿಯಪ್ಪನವರು ಸಂಘಟಿಸಿದ ರೈತರ ಜೊತೆ ಸಮಾಜವಾದಿಗಳು ನಿಂತರು, ಗೋಪಾಲಗೌಡರು ಮುಂದಾಳಾದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಮರುವರ್ಷವೇ ಆ ಸೀಮೆ ಗೌಡರನ್ನು ಗೆಲ್ಲಿಸಿ ಕಳಿಸಿತು. ಅಜ್ಜನ ಮನೆಯಿಂದ ಬಂದು ಅದೇ ಪುಟಗಳನ್ನು ಮತ್ತೆ ತೆಗೆದೆ. ಗೇಣಿಯ ಒಂದೊಂದು ಅಂಕಿಯ ಹಿಂದೆಯೂ ಒಂದು ಸಂಸಾರದ ಊಟ ಇತ್ತು ಅನ್ನುವುದು ಆಗ ಮನಸ್ಸಿಗೆ ಹೋಯಿತು.

ನೆನಪುಗಳನ್ನು ಬರೆದುಕೊಳ್ಳುವಾಗ ಒಂದು ನಿಯಮ ಇಟ್ಟುಕೊಂಡಿದ್ದೆ. ಇಬ್ಬರು ಬೇರೆ ಬೇರೆ ಊರಿನವರು ಹೇಳಿದ್ದನ್ನು 'ಹೀಗಾಯಿತು' ಅಂತ ಬರೆದೆ. ಒಬ್ಬರೇ ಹೇಳಿದ್ದನ್ನು 'ಹೀಗೆ ನೆನೆಯುತ್ತಾರೆ' ಅಂತ ಬರೆದೆ. ಎಷ್ಟೇ ಚೆಂದದ ಕತೆಯಾದರೂ ಈ ನಿಯಮ ಮುರಿಯಲಿಲ್ಲ. 1957ರ ಸೋಲನ್ನು ಒಂದು ಸಾಲಿನಲ್ಲಿ ಮುಗಿಸಿ ಅಂತ ಕೆಲವರು ಹೇಳಿದರು. ನಾನು ಅದಕ್ಕೆ ಪೂರ್ತಿ ಜಾಗ ಕೊಟ್ಟೆ. ಕುರ್ಚಿ ಹೋದ ಮೇಲೂ ಐದು ವರ್ಷ ಜನರ ನಡುವೆ ಇದ್ದು, ಮತ್ತೆ ಗೆದ್ದು ಬರುವುದು ಸಣ್ಣ ಮಾತಲ್ಲ.

ಬರಹ ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಸ್ವಲ್ಪ ವಾದವೇ ಆಯಿತು. ಗೌಡರು ತೀರಿಕೊಂಡದ್ದು 1972ರ ಜೂನ್ 9ರಂದು, 49ರ ವಯಸ್ಸಿನಲ್ಲಿ. ಸಂಪಾದಕರು ಅಲ್ಲಿಗೇ ಸಾಕು ಅಂದರು. ನನಗೆ ಒಪ್ಪಿಗೆ ಆಗಲಿಲ್ಲ. ಅದೇ ವರ್ಷದ ಚುನಾವಣೆಯಲ್ಲಿ ತೀರ್ಥಹಳ್ಳಿಯಿಂದ ಕೋಣಂದೂರು ಲಿಂಗಪ್ಪ, ಸಾಗರದಿಂದ ಕಾಗೋಡು ತಿಮ್ಮಪ್ಪ ಗೆದ್ದಿದ್ದರು. ಇಬ್ಬರೂ ಸಮಾಜವಾದಿಗಳು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂತು. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು, ಗೇಣಿದಾರರು ತಾವು ಉಳುವ ಜಮೀನಿನ ಒಡೆತನಕ್ಕೆ ಭೂನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಇದನ್ನೆಲ್ಲ ಸೇರಿಸಲೇಬೇಕು ಅಂತ ಪಟ್ಟು ಹಿಡಿದೆ. ಸಂಪಾದಕರು ಒಂದು ಪುಟ ಜಾಸ್ತಿ ಕೊಟ್ಟರು.