ಹಳೇ ಡೇಟಾ ಸೆಂಟರ್ ಹಸಿರು ಮಾಡುವ ಸ್ಪರ್ಧೆ: ತಂಡ ಕಟ್ಟಿದ ಮೇಲೆ ಏನು ಮಾಡಬೇಕು?

ಸರ್ವರ್ ಕಂಪ್ಯೂಟರ್‌ಗಳನ್ನು ಸಾಲಾಗಿ ಇಟ್ಟು ಓಡಿಸುವ ಹಳೇ ಡೇಟಾ ಸೆಂಟರನ್ನು ಹಸಿರು ಮಾಡಲು ಯೋಜನೆ ಕೊಡಿ ಅನ್ನುವ ಸ್ಪರ್ಧೆಯ ವಿಷಯ ಕೈಗೆ ಬಂದ ಕೂಡಲೇ ಹೆಚ್ಚಿನ ತಂಡಗಳಿಗೆ ಹೊಳೆಯುವುದು ಛಾವಣಿ ತುಂಬ ಸೋಲಾರ್. ಚಂದ ಕಾಣುತ್ತದೆ, ಪೋಸ್ಟರ್‌ಗೂ ಒಪ್ಪುತ್ತದೆ. ಆದರೆ ಸ್ವಲ್ಪ ಲೆಕ್ಕ ಹಾಕಿ. ಒಂದು ಚದರ ಮೀಟರ್ ಪ್ಯಾನಲ್ ಒಳ್ಳೇ ಬಿಸಿಲಿನಲ್ಲಿ ಸುಮಾರು 200 ವ್ಯಾಟ್ ಕೊಡುತ್ತದೆ, ಅದೂ ಹಗಲು ಹೊತ್ತು ಮಾತ್ರ. 5 ಕಿಲೋವ್ಯಾಟ್‌ನ ಒಂದು ರ್ಯಾಕ್ (ಸರ್ವರ್‌ಗಳನ್ನು ಒಂದರ ಮೇಲೊಂದು ಜೋಡಿಸಿಡುವ ಕಪಾಟು), ಸುತ್ತ ಓಡಾಡುವ ಜಾಗವೂ ಸೇರಿ ಎರಡೂವರೆ ಚದರ ಮೀಟರ್ ಹಿಡಿಯುತ್ತದೆ ಅಂದುಕೊಂಡರೂ, ಚದರ ಮೀಟರ್‌ಗೆ 2,000 ವ್ಯಾಟ್ ಆಯಿತು, ಹಗಲೂ ರಾತ್ರಿ. ಸೋಲಾರ್ ಬೇಡ ಅಂತಲ್ಲ. ಅದು ಕೊನೆಯ ಪುಟಕ್ಕಿರಲಿ.

ಹಳೇ ಸೆಂಟರ್‌ನಲ್ಲಿ ಗೆಲ್ಲುವುದು ಪೋಲಾಗುತ್ತಿರುವ ಕರೆಂಟ್ ಹುಡುಕಿ ನಿಲ್ಲಿಸುವ ಯೋಜನೆ. ಅದೂ ಸರ್ವರ್‌ಗಳು ಓಡುತ್ತಿರುವಾಗಲೇ.

ಮೊದಲು ಅಳತೆ

ಕಾಲೇಜಿನ ಸರ್ವರ್ ರೂಮಿಗೆ ಅನುಮತಿ ಕೇಳಿ ಒಮ್ಮೆ ಒಳಗೆ ಹೋಗಿ ನೋಡಿ. ಚಿಕ್ಕದಾದರೂ ಪರವಾಗಿಲ್ಲ, ರೋಗಗಳೆಲ್ಲ ಅವೇ. ಥರ್ಮಾಮೀಟರನ್ನು ಗೋಡೆಗೆ ನೇತುಹಾಕಬೇಡಿ. ಸರ್ವರ್ ಗಾಳಿ ಎಳೆದುಕೊಳ್ಳುವ ಮುಂಭಾಗದಲ್ಲಿ, ರ್ಯಾಕಿನ ಕೆಳಗೆ, ನಡುವೆ, ಮೇಲೆ, ಹೀಗೆ ಮೂರು ಕಡೆ ಇಡಿ. ಕೆಳಗಿಗಿಂತ ಮೇಲೆ ಐದಾರು ಡಿಗ್ರಿ ಜಾಸ್ತಿ ಬಂತು ಅಂದರೆ, ಹಿಂದಿನ ಬಿಸಿ ಗಾಳಿ ರ್ಯಾಕಿನ ತಲೆ ಮೇಲಿಂದ ಹಾರಿ ಮುಂದಕ್ಕೆ ಬರುತ್ತಿದೆ ಎಂದು ಅನುಮಾನಿಸಬಹುದು. ಖಾಲಿ ಸ್ಲಾಟ್‌ಗಳ ಮುಂದೆ ತೆಳು ಟಿಶ್ಯೂ ಕಾಗದದ ಪಟ್ಟಿ ಹಿಡಿದರೆ ಗಾಳಿ ಯಾವ ಕಡೆ ನುಗ್ಗುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. (ಹೊಗೆ ಹಾಕಿ ನೋಡುವ ಸಾಹಸ ಮಾತ್ರ ಬೇಡ. ಇಂಥ ಕೋಣೆಗಳಲ್ಲಿ ಹೊಗೆ ಪತ್ತೆ ಮಾಡುವ ಸೆನ್ಸರ್‌ಗಳು ಬಹಳ ಸೂಕ್ಷ್ಮ.)

ಆಮೇಲೆ ಕರೆಂಟ್. ಕಟ್ಟಡಕ್ಕೆ ಒಟ್ಟು ಎಷ್ಟು ಬರುತ್ತದೆ, ಅದರಲ್ಲಿ ಸರ್ವರ್, ಸ್ಟೋರೇಜ್, ನೆಟ್‌ವರ್ಕ್‌ಗೆ ಎಷ್ಟು ಹೋಗುತ್ತದೆ? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಪಿಯುಇ (ಪವರ್ ಯೂಸೇಜ್ ಎಫೆಕ್ಟಿವ್‌ನೆಸ್). ಕಂಪ್ಯೂಟರ್ ಕಂಪನಿಗಳು ಸೇರಿ ಕಟ್ಟಿದ ಗ್ರೀನ್ ಗ್ರಿಡ್ ಒಕ್ಕೂಟ 2007ರಲ್ಲಿ ಚಾಲ್ತಿಗೆ ತಂದ ಅಳತೆ ಇದು. 1.0 ಅಂದರೆ ಪರಿಪೂರ್ಣ, 2.0 ಅಂದರೆ ಸರ್ವರ್‌ಗೆ ಹೋಗುವಷ್ಟೇ ಕರೆಂಟ್ ಕೂಲಿಂಗ್, ಯುಪಿಎಸ್, ದೀಪಕ್ಕೂ ಹೋಗುತ್ತಿದೆ.

ಪಿಯುಇ ಹಿಂದೆ ಬೀಳಬೇಡಿ

ಇಲ್ಲಿ ಸ್ವಲ್ಪ ನಿಲ್ಲಿ, ಏಕೆಂದರೆ ಒಳ್ಳೊಳ್ಳೇ ತಂಡಗಳು ಎಡವುವುದು ಇಲ್ಲೇ. ಒಂದು ಸೆಂಟರ್ ಒಟ್ಟು 1,000 ಕಿಲೋವ್ಯಾಟ್ ಎಳೆಯುತ್ತದೆ, ಅದರಲ್ಲಿ ಸರ್ವರ್‌ಗಳದ್ದು 500 ಅಂದುಕೊಳ್ಳಿ. ಪಿಯುಇ 2.0. ಯಾರೂ ಬಳಸದೆ ಸುಮ್ನೆ ಓಡುತ್ತಿರುವ 100 ಕಿಲೋವ್ಯಾಟ್‌ನಷ್ಟು ಸರ್ವರ್‌ಗಳನ್ನು ನೀವು ಹುಡುಕಿ ಆಫ್ ಮಾಡಿಸಿದಿರಿ. ಅದರ ಜೊತೆಗೆ ಕೂಲಿಂಗ್ ಮತ್ತಿತರ ಖರ್ಚೂ 60 ಇಳಿಯಿತು. ಈಗ ಒಟ್ಟು 840, ಸರ್ವರ್ 400, ಪಿಯುಇ 2.1. ಉಳಿತಾಯ ಆದದ್ದು 160 ಕಿಲೋವ್ಯಾಟ್, ಆದರೆ ಅಂಕಿ ಕೆಟ್ಟಿತು ಅಂತ ಕಾಣುತ್ತದೆ! ಇದಕ್ಕೆ ಉಲ್ಟಾ ಕೂಡ ಇದೆ: ಕೋಣೆಯ ಉಷ್ಣತೆ ತೀರಾ ಏರಿಸಿದರೆ ಸರ್ವರ್ ಒಳಗಿನ ಫ್ಯಾನ್‌ಗಳು ಜೋರಾಗುತ್ತವೆ, ಆ ಕರೆಂಟ್ ಸರ್ವರ್ ಲೆಕ್ಕಕ್ಕೆ ಸೇರುವುದರಿಂದ ಪಿಯುಇ ಚಂದ ಕಾಣುತ್ತದೆ, ಬಿಲ್ ಮಾತ್ರ ಏರಿರಬಹುದು. ಹಾಗಾಗಿ ವರ್ಷಕ್ಕೆ ಒಟ್ಟು ಎಷ್ಟು ಯೂನಿಟ್ ಉಳಿಯುತ್ತದೆ ಅನ್ನುವುದನ್ನು ಮುಂದಿಡಿ, ಪಿಯುಇ ಪಕ್ಕದಲ್ಲಿರಲಿ.

ಸುಮ್ನೆ ಓಡುವ ಸರ್ವರ್‌ಗಳು ಎಷ್ಟಿರಬಹುದು? 2015ರಲ್ಲಿ ಅಮೆರಿಕದ ಸಂಶೋಧಕ ಜೊನಾಥನ್ ಕೂಮಿ ಮತ್ತು ಸಂಗಡಿಗರು ನೋಡಿದ ಮಾದರಿಯಲ್ಲಿ ಸುಮಾರು ಶೇ. 30ರಷ್ಟು ಸರ್ವರ್‌ಗಳು ಆರು ತಿಂಗಳಿಂದ ಏನೂ ಉಪಯೋಗದ ಕೆಲಸ ಮಾಡಿರಲಿಲ್ಲ. ನಿಮ್ಮ ಯೋಜನೆಯ ಮೊದಲ ಹೆಜ್ಜೆ ಇದೇ ಆಗಬೇಕು ಅಂತ ನನ್ನ ಅಭಿಪ್ರಾಯ. ಪಟ್ಟಿ ಮಾಡಿ, ಮಾಲೀಕರು ಯಾರು ಕೇಳಿ, ಮೊದಲು ನೆಟ್‌ವರ್ಕ್ ತೆಗೆದು ಕೆಲವು ವಾರ ಕಾಯಿರಿ, ಯಾರೂ ಕೂಗಾಡದಿದ್ದರೆ ಆಫ್ ಮಾಡಿ.

ಕೂಲಿಂಗ್: ಕ್ರಮ ತಪ್ಪಿಸಬೇಡಿ

ಮೊದಲು ಗಾಳಿಯ ದಾರಿ ಸರಿಮಾಡಿ. ಖಾಲಿ ಸ್ಲಾಟ್‌ಗಳಿಗೆ ಬ್ಲಾಂಕಿಂಗ್ ಪ್ಯಾನಲ್ (ಸ್ಲಾಟ್ ಮುಚ್ಚುವ ತಗಡು), ರೈಸ್ಡ್ ಫ್ಲೋರ್‌ನಲ್ಲಿ (ಅಡಿಯಿಂದ ತಣ್ಣನೆ ಗಾಳಿ ಬರುವ ಎತ್ತರಿಸಿದ ನೆಲ) ಕೇಬಲ್‌ಗೆ ಕೊರೆದ ತೂತುಗಳಿಗೆ ಬ್ರಷ್ ಮುಚ್ಚಳ, ಬಿಸಿ ಸಾಲಿನಲ್ಲಿ (ಸರ್ವರ್‌ಗಳ ಹಿಂದಿನ ಓಣಿ) ಯಾರೋ ಹಾಕಿಟ್ಟ ತೂತು ಟೈಲ್ ಇದ್ದರೆ ಅದನ್ನು ತಣ್ಣನೆ ಸಾಲಿಗೆ (ಮುಂದಿನ ಓಣಿ). ಆಮೇಲೆ ಒಂದು ಸಾಲಿಗೆ ಬಾಗಿಲು, ಮೇಲೆ ಪರದೆ ಹಾಕಿ ಬಿಸಿ-ತಣ್ಣನೆ ಗಾಳಿ ಬೆರೆಯದಂತೆ ತಡೆಯಿರಿ. ಪರದೆಯಿಂದ ಬೆಂಕಿ ನಂದಿಸುವ ವ್ಯವಸ್ಥೆಗೆ ಅಡ್ಡಿಯಾಗುತ್ತದೆಯೇ ಅಂತ ಒಂದು ಸಾಲು ಬರೆದರೂ ಸಾಕು, ತೀರ್ಪುಗಾರರು ನಿಮ್ಮನ್ನು ಗಂಭೀರವಾಗಿ ನೋಡುತ್ತಾರೆ.

ಇಷ್ಟಾದ ಮೇಲೇ ಫ್ಯಾನ್ ವೇಗ ಇಳಿಸುವುದು. ಫ್ಯಾನಿನ ಕರೆಂಟ್ ವೇಗದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ವೇಗ ಶೇ. 70ಕ್ಕೆ ಇಳಿದರೆ ಕರೆಂಟ್ ಸುಮಾರು ಶೇ. 34ಕ್ಕೆ. 5 ಕಿಲೋವ್ಯಾಟ್‌ನ ನಾಲ್ಕು ಫ್ಯಾನ್ ಇದ್ದರೆ 20 ಹೋಗಿ 7ರ ಹತ್ತಿರ ಬರುತ್ತದೆ, ವರ್ಷದ 8,760 ಗಂಟೆಗೆ ಸುಮಾರು 1.15 ಲಕ್ಷ ಯೂನಿಟ್ ಉಳಿತಾಯ. ಇದು ಆದರ್ಶ ಲೆಕ್ಕ, ನಿಜದಲ್ಲಿ ಕೊಂಚ ಕಡಿಮೆ ಬರುತ್ತದೆ, ಅದನ್ನೂ ಹೇಳಿ.

ಆಮೇಲೆ ಉಷ್ಣತೆ. ಸರ್ವರ್ ಮುಂಭಾಗದಲ್ಲಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಸಾಕು ಅನ್ನುವುದು ಅಮೆರಿಕದ ಕೂಲಿಂಗ್ ಎಂಜಿನಿಯರುಗಳ ಸಂಘ ಆ್ಯಶ್ರೇಯ ಶಿಫಾರಸು. ಹಳೇ ಕೋಣೆಗಳನ್ನು ಇನ್ನೂ ಚಳಿ ಹಿಡಿಯುವಷ್ಟು ತಣ್ಣಗೆ ಇಟ್ಟಿರುತ್ತಾರೆ. ಒಂದೊಂದೇ ಡಿಗ್ರಿ ಏರಿಸಿ, ಕೆಲವು ದಿನ ನೋಡಿ, ಮುಂದುವರಿಯಿರಿ. ತೇವಾಂಶದ ಸೆಟ್ಟಿಂಗ್ ಕೂಡ ನೋಡಿ. ಒಂದು ಎಸಿ ಗಾಳಿಗೆ ತೇವ ಸೇರಿಸುತ್ತಾ, ಪಕ್ಕದ್ದು ಅದೇ ತೇವ ಹೀರುತ್ತಾ ಇರುವುದು ಹಳೇ ಕೋಣೆಗಳಲ್ಲಿ ಮಾಮೂಲು, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ. ಎರಡಕ್ಕೂ ಕರೆಂಟ್ ಹೋಗುತ್ತದೆ ಅಲ್ವಾ?

ಉಳಿದದ್ದು ಬೇಗ

ಯುಪಿಎಸ್: ಮುಂದೆ ಲೋಡ್ ಬೆಳೆಯುತ್ತದೆ ಅಂತ ದೊಡ್ಡದು ತಂದಿರುತ್ತಾರೆ, ಬೆಳೆದಿರುವುದಿಲ್ಲ. ಕಡಿಮೆ ಲೋಡ್‌ನಲ್ಲಿ ಹಳೇ ಯುಪಿಎಸ್ ಜಾಸ್ತಿ ಕರೆಂಟ್ ನುಂಗುತ್ತದೆ. ಹೇಗೂ ಬದಲಿಸುವ ವರ್ಷ ಬಂದಾಗ ಮಾಡ್ಯುಲರ್ ಯುಪಿಎಸ್ (ಬೇಕಾದಷ್ಟೇ ತುಂಡು ಸೇರಿಸುತ್ತಾ ಹೋಗಬಹುದಾದದ್ದು) ಹಾಕಿ.

ನೀರು: ಆವಿ ಕೂಲಿಂಗ್ (ನೀರು ಆವಿಯಾಗಿಸಿ ತಂಪು ಮಾಡುವುದು) ಕರೆಂಟ್ ಉಳಿಸುತ್ತದೆ, ನೀರು ಕುಡಿಯುತ್ತದೆ. ಎರಡನ್ನೂ ಲೆಕ್ಕಕ್ಕೆ ಹಾಕಿ.

ಗ್ಯಾಸ್: ಹಳೇ ಎಸಿಗಳ ಒಳಗಿರುವ ತಂಪು ಮಾಡುವ ಗ್ಯಾಸ್ ಆರ್-410ಎ ಒಂದು ಕಿಲೋ ಸೋರಿದರೆ ಸುಮಾರು 2,000 ಕಿಲೋ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಸೋರಿಕೆ ತಪಾಸಣೆ ಅಗ್ಗದ ಕೆಲಸ, ಬಹಳ ತಂಡಗಳು ಮರೆಯುತ್ತವೆ.

ಬಿಸಿ ಮಾರುವ ಐಡಿಯಾ: ಸ್ಟಾಕ್‌ಹೋಮ್‌ನಲ್ಲಿ ಡೇಟಾ ಸೆಂಟರ್ ಬಿಸಿ ಊರಿನ ಮನೆಗಳಿಗೆ ಹೋಗುತ್ತದೆ ನಿಜ. ಅಲ್ಲಿ ಮೊದಲೇ ಬಿಸಿನೀರಿನ ಪೈಪ್ ಜಾಲ ಇತ್ತು. ಹತ್ತಿರದಲ್ಲಿ ಕೊಳ್ಳುವವರು ಇಲ್ಲದಿದ್ದರೆ ಈ ಐಡಿಯಾ ಕೈಬಿಡಿ.

ಮಂಡನೆ

ಪ್ರತಿ ಹೆಜ್ಜೆಗೂ ನಾಲ್ಕು ವಿಷಯ ಬರೆಯಿರಿ: ಖರ್ಚು, ವರ್ಷಕ್ಕೆ ಉಳಿಯುವ ಯೂನಿಟ್, ಮಾಡುವಾಗ ಬ್ಯಾಕಪ್ ಏನು, ಕೆಟ್ಟರೆ ಹಿಂದಕ್ಕೆ ಹೋಗುವುದು ಹೇಗೆ. ಇದರಲ್ಲಿ ಕೊನೆಯ ಎರಡೇ ನಿಮ್ಮನ್ನು ಬೇರೆ ತಂಡಗಳಿಂದ ಬೇರೆ ಮಾಡುವುದು. ಅಳೆದ ಅಂಕಿಗೆ ಒಂದು ಬಣ್ಣ, ಅಂದಾಜಿಗೆ ಇನ್ನೊಂದು ಬಣ್ಣ ಕೊಡಿ. ಸ್ಪ್ರೆಡ್‌ಶೀಟ್ ತೆರೆದೇ ಇಟ್ಟುಕೊಳ್ಳಿ, ಯಾರಾದರೂ "ಲೋಡ್ ಅರ್ಧ ಆದರೆ?" ಅಂತ ಕೇಳಿದಾಗ ಅಲ್ಲೇ ಬದಲಿಸಿ ತೋರಿಸಬಹುದು.